ಹಸ್ತವೋ ಚಿತ್ತೆಯೋ

ಆ ಭಾನುವಾರ ಬೆಳಿಗ್ಗೆ ನಾನು ಉಪ್ಪಿಟ್ಟಿಗೆ ರವೆ ಹುರಿಯುತ್ತಿದ್ದೆ. ನಮ್ಮ ಮನೆಯವರು ಪಕ್ಕದಲ್ಲೇ ಅಡುಗೆಮನೆಯ ಕಿಟಕಿಯಿಂದ ಕೈ ಹೊರಗೆ ಚಾಚಿ, ತೋರುಬೆರಳು ಎತ್ತಿ ನಿಂತಿದ್ದರು. ಬೆರಳನ್ನು ಬಾಯಲ್ಲಿಟ್ಟು ಒದ್ದೆ ಮಾಡಿಕೊಂಡು ಗಾಳಿ ಎತ್ತ ಬೀಸುತ್ತಿದೆ ಎಂದು ನೋಡುವುದು ಇವರ ಹಳೆಯ ಅಭ್ಯಾಸ. ಫೋನಿನಲ್ಲಿ ಹವಾಮಾನ ಹೇಳುವ ಆಪ್ ಇತ್ತು. ತೇವಾಂಶ ತೋರಿಸುವ ಮೀಟರೊಂದನ್ನು ಗೋಡೆಗೆ ತಗುಲಿಹಾಕಿದ್ದರು. ಆದರೂ ಕೊನೆಗೆ ನಂಬುತ್ತಿದ್ದದ್ದು ಎಂಜಲು ಬೆರಳನ್ನೇ.

"ರೀ, ಎದುರು ಬ್ಲಾಕಿನವರು ನೋಡಿದ್ರೆ ತಮಗೇ ಬೈತಿದಾರೆ ಅಂದ್ಕೋತಾರೆ. ಕೈ ಒಳಗೆ ತಗೊಳ್ಳಿ" ಎಂದೆ.

"ಗಾಳಿ ನಿಂತಿದೆ ಕಣೇ. ಒಂದಿಷ್ಟೂ ಇಲ್ಲ."

"ಸ್ಟವ್ ಮುಂದೆ ಬೆವರ್ತಾ ಇರೋಳನ್ನ ಕೇಳಿದ್ರೆ ನಾನೇ ಹೇಳ್ತಿದ್ದೆ."

"ಉಪ್ಪಿಟ್ಟು ಡಬ್ಬಿಗೆ ಹಾಕು. ಹೊರಡೋಣ."

ಅದು ಹೊಗೆಯ ವರ್ಷ. ಪಕ್ಕದ ದೇಶದಲ್ಲಿ ಕಾಡು ಉರಿದ ಹೊಗೆ ವಾರಗಟ್ಟಲೆ ಸಿಂಗಾಪುರದ ಮೇಲೆ ಕೂತುಬಿಟ್ಟಿತ್ತು. ಬೆಡೋಕ್‌ನ ನಮ್ಮ ಮನೆಯಲ್ಲಿ ಕಿಟಕಿ ತೆರೆಯುವಂತಿರಲಿಲ್ಲ, ಬಟ್ಟೆ ಹೊರಗೆ ಒಣಗಿಸುವಂತಿರಲಿಲ್ಲ. ದಿನ ಬಿಟ್ಟು ದಿನ ಮಳೆ ಸುರಿಯುವ ಊರಿನಲ್ಲಿ ಮಳೆಯೇ ಮರೆತುಹೋಗಿತ್ತು. ಎಲ್ಲರೂ ಮುಖಕ್ಕೆ ಮಾಸ್ಕ್ ಹಾಕಿಕೊಂಡು ಕೆಮ್ಮುತ್ತ ಓಡಾಡುವಾಗ ಇವರೊಬ್ಬರು ಒಳಗೊಳಗೇ ಖುಷಿಯಾಗಿದ್ದರು. "ಈಗ ನೋಡು, ಇದು ನಿಜವಾಗ್ಲೂ ಮರುಭೂಮಿ ಥರ ಆಯ್ತು" ಎನ್ನುತ್ತಿದ್ದರು. ಶನಿವಾರ ಸಂಜೆ ಗುಡುಗಿ ಒಂದು ಒಳ್ಳೆಯ ಮಳೆ ಬಿತ್ತು. ಎದುರಿನ ಬ್ಲಾಕು ಮತ್ತೆ ಕಾಣಿಸಿತು. ಭಾನುವಾರ ಇವರ ಬೆರಳು ಕಿಟಕಿಯಾಚೆ ಹೋಯಿತು.

ಇವರು ಕಾಯುತ್ತಿದ್ದದ್ದು ರಾಣಿ ಇರುವೆಗೆ.

ಈ ಹುಚ್ಚು ಹತ್ತಿದ್ದು ಒಮಾನಿನ ಮರುಭೂಮಿಯಲ್ಲಿ. ಇವರು ಸರ್ವೇಯರ್. ಸಿಂಗಾಪುರಕ್ಕೆ ಬರುವ ಮೊದಲು ಅಲ್ಲಿ ರಸ್ತೆ ಹಾಕುವವರ ಜೊತೆ ಹಲವು ವರ್ಷ ಕೆಲಸ ಮಾಡಿದ್ದರು. ನಾನು ಆಗ ಪುಟ್ಟ ಮಗಳನ್ನು ಕಟ್ಟಿಕೊಂಡು ಮೈಸೂರಿನಲ್ಲಿ ಅತ್ತೆಯ ಜೊತೆ ಇದ್ದೆ. ಪ್ರತಿ ಶುಕ್ರವಾರ ಫೋನ್ ಬರುತ್ತಿತ್ತು. ಮರುಭೂಮಿಯಿಂದ ಹೇಳುವ ಸುದ್ದಿಯಾದರೂ ಏನು? ಬಿಸಿಲು ಇದೆ ಎನ್ನುತ್ತಿದ್ದರು. ಮುಂದಿನ ಶುಕ್ರವಾರವೂ ಬಿಸಿಲೇ ಇರುತ್ತಿತ್ತು.

ಒಂದು ಶುಕ್ರವಾರ ಮಾತ್ರ, "ಇಲ್ಲಿ ಮಳೆ ಬಂತು" ಎಂದರು. ನಾನು ಓದಿದ್ದು ಎಸ್ಸೆಸ್ಸೆಲ್ಸಿವರೆಗೆ. ಆದರೆ ಮಳೆ ನಕ್ಷತ್ರಗಳನ್ನು ನಮ್ಮ ತಂದೆ ಬಾಯಿಪಾಠ ಮಾಡಿಸಿದ್ದರು. ನಮ್ಮ ಕಡೆ ಮಳೆಗೆ ಹೆಸರಿದೆ. ಎರಡು ವಾರಕ್ಕೊಮ್ಮೆ ಒಂದು ನಕ್ಷತ್ರದ ಮಳೆ ಹೋಗಿ ಇನ್ನೊಂದರ ಮಳೆ ಬರುತ್ತದೆ. ಕ್ಯಾಲೆಂಡರ್ ನೋಡಿದೆ. ಚಿತ್ತೆ ನಡೆಯುತ್ತಿತ್ತು. ಚಿತ್ತೆ ಮಳೆಯನ್ನು ಕುರುಡು ಚಿತ್ತೆ ಎನ್ನುತ್ತಾರೆ. ಎಲ್ಲಿ ಬೀಳುತ್ತೇನೆಂದು ಅದಕ್ಕೇ ಗೊತ್ತಿರುವುದಿಲ್ಲ, ಒಂದು ಹೊಲಕ್ಕೆ ಬಿದ್ದು ಪಕ್ಕದ ಹೊಲವನ್ನು ಬಿಟ್ಟು ಹೋಗುತ್ತದೆ.

"ಅದು ನಮ್ಮ ಚಿತ್ತೆ ರೀ. ಕಣ್ಣು ಕಾಣದೆ ಅಲ್ಲಿಗೆ ಬಂದಿದೆ. ವಾಪಸ್ ಕಳಿಸಿ, ಇಲ್ಲಿ ರಾಗಿಗೆ ಬೇಕು" ಎಂದೆ.

ದೂರದಲ್ಲಿ ಇವರು ನಕ್ಕಿದ್ದು ಕೇಳಿಸಿತು. ಇವರು ನಗುವುದು ಅಪರೂಪವೇನಲ್ಲ, ಆದರೆ ಫೋನಿನಲ್ಲಿ ನಗುತ್ತಿರಲಿಲ್ಲ. ಐಎಸ್‌ಡಿ ಕರೆಯಲ್ಲಿ ನಗುವುದೂ ದುಂದು ಎಂದು ಇವರ ಎಣಿಕೆ.

ಆ ಮಳೆಯ ಮರುದಿನ ಇವರು ಮರಳಿನಲ್ಲಿ ಮೊದಲ ರಾಣಿಯನ್ನು ಕಂಡರು. ಬೆಳಗಿನ ಹೊತ್ತು ಅಳತೆಯ ಯಂತ್ರವನ್ನು ನಿಲ್ಲಿಸಲು ಜಾಗ ನೋಡುತ್ತಿದ್ದಾಗ ನೆಲದ ಮೇಲೆ ಉದುರಿದ ರೆಕ್ಕೆಗಳು ಕಂಡವಂತೆ. ಒಣಗಿ ಬಿಳಿಚಿಕೊಂಡ ಮರಳಿನ ಮೇಲೆ ಅಲ್ಲೊಂದು ಇಲ್ಲೊಂದು ಚಿಟಿಕೆಯಷ್ಟು ಕಪ್ಪು ಹಸಿ ಮರಳು. ಅಂಥ ಒಂದು ಚಿಟಿಕೆಯ ಕೆಳಗೆ ಬೆರಳು ಹಾಕಿದರೆ ರಾಣಿ. ಇರುವೆಯ ರಾಣಿಗೆ ಮದುವೆಯ ದಿನ ಒಂದೇ ದಿನ ರೆಕ್ಕೆ. ಆಮೇಲೆ ತಾನೇ ರೆಕ್ಕೆ ಕಳಚಿಕೊಂಡು ಮಣ್ಣಿನೊಳಗೆ ಸೇರಿ ಸಂಸಾರ ಹೂಡುತ್ತದೆ. ಬಹಳ ದಿನ ಒಣಗಿದ ಮೇಲೆ ಒಂದು ಮಳೆ, ಮರುದಿನ ಗಾಳಿ ಇಲ್ಲದ ಬೆಳಗು, ಏರುವ ಮೊದಲಿನ ಬಿಸಿಲು. ಈ ಮೂರೂ ಕೂಡಿದ ದಿನ ಮಾತ್ರ ಅವು ಹೊರಬರುತ್ತವೆ ಎಂದು ಇವರು ವರ್ಷಗಳ ಮೇಲೆ ಕಂಡುಕೊಂಡರು.

ಮುಂದಿನ ಶುಕ್ರವಾರ ಫೋನ್ ಮಾಡಿ, "ಚಿತ್ತೆ ಚೆನ್ನಾಗಿದಾಳೆ. ಉಪ್ಪಿನಕಾಯಿ ಬಾಟ್ಲಲ್ಲಿ ಇಟ್ಟಿದೀನಿ. ನನ್ನ ಮಂಚದ ಕೆಳಗೇ ಇರ್ತಾಳೆ" ಎಂದರು. ನಾನು ಅದನ್ನೇ ಜೋರಾಗಿ ತಿರುಗಿ ಹೇಳಿದೆ. ಪಕ್ಕದಲ್ಲಿ ಅವರೆಕಾಯಿ ಬಿಡಿಸುತ್ತಿದ್ದ ಅತ್ತೆ ಕೈ ನಿಲ್ಲಿಸಿ, "ಯಾರಮ್ಮ ಅದು ಚಿತ್ತೆ?" ಎಂದರು. ಅವರಿಗೆ ಬಿಡಿಸಿ ಹೇಳುವಷ್ಟರಲ್ಲಿ ಫೋನಿನ ಹೊತ್ತೆಲ್ಲ ಮುಗಿಯಿತು.

ಆವತ್ತಿನಿಂದ ಅದೇ ಪದ್ಧತಿಯಾಯಿತು. ರಾಣಿ ಯಾವ ಮಳೆಗೆ ಹೊರಬಂದಳೋ ಆ ಮಳೆಯ ಹೆಸರು. ಹುಡುಕುವುದು ಇವರ ಕೆಲಸ, ಹೆಸರು ಹೇಳುವುದು ನನ್ನ ಕೆಲಸ. ಒಮಾನ್ ಬಿಡುವಾಗ ಚಿತ್ತೆಯನ್ನು ಅವಳ ಸಂಸಾರದ ಸಮೇತ ಮರಳಿಗೆ ಬಿಟ್ಟು ಬಂದರು. ಅವಳ ವಿಷಯ ಆಮೇಲೂ ಎಷ್ಟೋ ಸಲ ಮಾತಾಡುತ್ತಿದ್ದರು. ನನ್ನ ತವರಿನವರ ವಿಷಯ ಅಷ್ಟು ಮಾತಾಡಿದ್ದಿಲ್ಲ.

ಸಿಂಗಾಪುರಕ್ಕೆ ಬಂದ ಮೇಲೆ ಇವರ ವಿದ್ಯೆಗೆ ಬೆಲೆ ಇಲ್ಲದಂತಾಯಿತು. ಇಲ್ಲಿ ದಿನಾ ಮಳೆ, ದಿನಾ ತೇವ, ಬ್ಲಾಕಿನ ಬುಡದಲ್ಲಿ ಗೋಡೆಯಿಲ್ಲದೆ ಬಿಟ್ಟ ವಾಯ್ಡ್ ಡೆಕ್‌ನ ದೀಪದ ಕೆಳಗೆ ಬೇಡವೆಂದರೂ ರೆಕ್ಕೆಯ ಇರುವೆಗಳು ಬಂದು ಬೀಳುತ್ತವೆ. ಇವರಿಗೆ ಅದು ಸೇರುತ್ತಿರಲಿಲ್ಲ. "ಕಾಯದೆ ಸಿಕ್ಕಿದ್ರೆ ಅದೇನು ಸಿಕ್ಕಿದ್ದಾ?" ಎನ್ನುತ್ತಿದ್ದರು. ಹಾಗೆಂದವರೇ ಅಲ್ಲಿ ಬಿದ್ದ ಒಬ್ಬಳನ್ನು ಎತ್ತಿಕೊಂಡು ಬಂದು ರೋಹಿಣಿ ಎಂದು ಸಾಕಿದರು. ರೋಹಿಣಿಯಿಂದ ನನಗಾದ ಫಜೀತಿ ಅಷ್ಟಿಷ್ಟಲ್ಲ. ಒಮ್ಮೆ ತಂಗಿಯ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದೆ. ಹಿಂದಿನಿಂದ ಇವರು, "ಲೇ, ರೋಹಿಣಿಗೆ ಜೇನುತುಪ್ಪ ಕೊಟ್ಯಾ? ನಿನ್ನೆಯಿಂದ ಪಾಪ ಒಂದು ಥರಾ ಇದಾಳೆ" ಎಂದರು. ತಂಗಿ ಮೆಲ್ಲಗೆ, "ಅಕ್ಕ, ಏನಾದ್ರೂ ಇದ್ರೆ ನನ್ ಹತ್ರ ಹೇಳ್ಕೋ" ಎಂದಳು.

ಬೆಡೋಕ್ ಜಲಾಶಯದ ಒಂದು ಬದಿಯಲ್ಲಿ ಬೇಲಿಯೊಳಗೆ ಮರಳಿನ ಗುಡ್ಡಗಳಿವೆ. ಕಟ್ಟಡಗಳಿಗಾಗಿ ಬೇರೆ ಕಡೆಯಿಂದ ತಂದು ಕೂಡಿಟ್ಟ ಮರಳು. ಒಳಗೆ ಯಾರನ್ನೂ ಬಿಡುವುದಿಲ್ಲ. ದೂರದಿಂದ ನೋಡಿದರೆ ಮರುಭೂಮಿಯ ಒಂದು ತುಂಡನ್ನು ತಂದು ಇಟ್ಟಂತೆ ಇದೆ. ಅದು ಕಣ್ಣಿಗೆ ಬಿದ್ದ ದಿನ ಇವರು ಬೇಲಿಯ ತಂತಿ ಹಿಡಿದು ನಿಂತದ್ದು ನೋಡಬೇಕಿತ್ತು. ಹೆಣ್ಣು ನೋಡಲು ಬಂದಾಗಲೂ ಹಾಗೆ ನಿಂತಿರಲಿಲ್ಲ.

ಆ ಭಾನುವಾರ ಉಪ್ಪಿಟ್ಟಿನ ಡಬ್ಬಿ ಹಿಡಿದು ಹೋದದ್ದು ಆ ಬೇಲಿಯ ಹೊರಗಿನ ದಾರಿಗೆ. ನಾವಿಬ್ಬರು ಮತ್ತು ಮಗಳು. ಮಗಳು ಆಗ ಪಾಲಿಟೆಕ್ನಿಕ್‌ನಲ್ಲಿ ಓದುತ್ತಿದ್ದಳು. ಅಪ್ಪನ ಹುಚ್ಚಿಗೆ ಬೈಯುತ್ತಲೇ ಅಪ್ಪನ ಟೆಸ್ಟ್ ಟ್ಯೂಬು, ಹತ್ತಿ ಎಲ್ಲ ತನ್ನ ಬ್ಯಾಗಿನಲ್ಲಿ ಇಟ್ಟುಕೊಳ್ಳುವವಳು ಅವಳೇ.

ಬೇಲಿಯ ಹೊರಗೂ ಗಾಳಿಗೆ ಹಾರಿಬಂದ ಮರಳು ಪಟ್ಟಿಯಂತೆ ಬಿದ್ದಿರುತ್ತದೆ. ಇವರು ಕುಕ್ಕುರುಗಾಲಿನಲ್ಲಿ ಕೂತು ಒಂದು ಹಿಡಿ ಮರಳು ತೆಗೆದು ಮುಷ್ಟಿ ಕಟ್ಟಿ, ನನ್ನ ಮುಂದೆ ಹಿಡಿದರು. "ನೋಡು, ಮಾಯಿಶ್ಚರ್ ಕರೆಕ್ಟಾಗಿದೆಯಾ?"

ನಾನು ಮುಟ್ಟಿ ನೋಡಿದೆ. ಉಂಡೆ ನಿಂತಿತ್ತು, ಬೆರಳು ಒತ್ತಿದರೆ ಒಡೆಯುತ್ತಿತ್ತು. ತಂಬಿಟ್ಟಿಗೆ ಹಿಟ್ಟು ಹೀಗೇ ಇರಬೇಕು.

"ಹದ ಇದೆ" ಎಂದೆ.

"ಅಷ್ಟೇ. ಮೀಟರ್ ಬಿಸಾಕ್ಬೇಕು" ಎಂದು ಮಗಳಿಗೆ ಹೇಳಿದರು. ಮೀಟರು ಬಿಸಾಡಲಿಲ್ಲ.

ಭಾನುವಾರ ಅಲ್ಲಿ ನಡೆಯಲು ಬರುವ ಒಬ್ಬರು ಮಲಯ್ ಆಂಟಿ ಇದ್ದರು. ನಮ್ಮ ಬ್ಲಾಕಿನವರೇ. ನಾವು ಮೂವರೂ ತಲೆ ತಗ್ಗಿಸಿ ನೆಲ ನೋಡುತ್ತಿರುವುದನ್ನು ಕಂಡಾಗಲೆಲ್ಲ ನಿಂತು ಕೇಳುತ್ತಿದ್ದರು. ಅವತ್ತೂ ನಿಂತರು.

"ಅಂಕಲ್, ವಾಟ್ ಯು ಲಾಸ್ಟ್ ಆಹ್?"

"ಮೈ ಕ್ವೀನ್" ಎಂದರು ಇವರು, ತಲೆ ಎತ್ತದೆ.

ಆಂಟಿ ನನ್ನನ್ನೂ ನನ್ನ ಕೈಯ ಡಬ್ಬಿಯನ್ನೂ ನೋಡಿ, "ಯುವರ್ ಕ್ವೀನ್ ಬಿಹೈಂಡ್ ಯು, ಲಾ. ಶಿ ಬ್ರಿಂಗ್ ಬ್ರೇಕ್‌ಫಾಸ್ಟ್" ಎಂದು ಮುಂದೆ ನಡೆದರು. ಮಗಳು ನಗು ತಡೆಯಲಾರದೆ ಮರಳಿನಲ್ಲೇ ಕೂತಳು. ಕೂತವಳು, "ಅಪ್ಪ, ಇಲ್ಲಿ" ಎಂದಳು. ಅವಳ ಮೊಣಕಾಲಿನ ಹತ್ತಿರ ಚಿಟಿಕೆಯಷ್ಟು ಕಪ್ಪು ಮರಳಿತ್ತು. ಪಕ್ಕದಲ್ಲಿ ಒಂದು ರೆಕ್ಕೆ.

ಇವರು ಬೆರಳಿನಿಂದ ಮರಳು ಸರಿಸಿದರು. ಕಂದು ಬಣ್ಣದ, ಉದ್ದ ಹೊಟ್ಟೆಯ ರಾಣಿ. ಟ್ಯೂಬಿಗೆ ಹತ್ತಿಸಿ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಇಷ್ಟು ವರ್ಷ ಇಲ್ಲಿ ಇಂಥವಳನ್ನು ಕಂಡಿರಲಿಲ್ಲ ಎಂದರು. ಮರಳಿನ ಜೊತೆ ಎಲ್ಲಿಂದಲೋ ಬಂದವಳ ಮಗಳಿರಬೇಕು ಎಂದರು. ಉಪ್ಪಿಟ್ಟು ಆರಿಹೋಗಿತ್ತು. ಹಾಗೇ ತಿಂದೆವು.

ಮನೆಗೆ ಬಂದು ಟ್ಯೂಬಿನ ತಳದಲ್ಲಿ ನೀರು, ಅದಕ್ಕೆ ಹತ್ತಿ, ಬಾಯಿಗೆ ಹತ್ತಿ ಇಟ್ಟು, ಶೂ ಡಬ್ಬಿಯಲ್ಲಿ ಮಲಗಿಸಿ ದೇವರ ಗೂಡಿನ ಕೆಳಗಿನ ಅರೆಯಲ್ಲಿ ಇಟ್ಟರು. "ಯಾರೂ ತೆಗೆದು ನೋಡ್ಬಾರ್ದು. ಮೊದಲ ಮಕ್ಕಳು ಆಗೋವರೆಗೂ ಅವಳಿಗೆ ಊಟ ಬೇಡ, ಬೆಳಕು ಬೇಡ, ಅಲುಗಾಡಿಸ್ಬಾರ್ದು" ಎಂದರು.

"ಕತ್ತಲೆ ಕೋಣೆ, ಹತ್ತಿ, ಗಾಳಿ ಸೋಕಬಾರದು. ಇದು ಬಾಣಂತನ ಅಂತ ನೇರವಾಗಿ ಹೇಳಿ" ಎಂದೆ. "ನನ್ನ ಬಾಣಂತನದಲ್ಲಿ ಇಷ್ಟು ಮುತುವರ್ಜಿ ಇರಲಿಲ್ಲ. ಒಮಾನಿನಿಂದ ಫೋನ್ ಮಾಡಿ ಬಿಸಿಲು ಇದೆ ಅಂದ್ರಿ."

"ಇವಳ ಗಂಡನೂ ಇಲ್ಲಿಲ್ಲ ಬಿಡು. ಮದುವೆ ದಿನವೇ ಹೋಗ್ಬಿಡ್ತಾನೆ. ಆಮೇಲೆ ಇಪ್ಪತ್ತು ವರ್ಷ ಅವಳೇ ಎಲ್ಲ ನೋಡ್ಕೋತಾಳೆ. ಗಂಡ ಹೋದ ಮೇಲೇ ಅವಳ ಆಟ ಶುರು."

"ಅದೃಷ್ಟವಂತೆ" ಎಂದೆ.

ನಗುತ್ತ ಆಡಿದ ಮಾತು. ಇವರೂ ನಕ್ಕರು. ಅದನ್ನು ಹಾಗೆಯೇ ಬರೆದಿದ್ದೇನೆ.

ಊಟದ ಹೊತ್ತಿಗೆ ಹೆಸರಿನ ಜಗಳ ಶುರುವಾಯಿತು. ನಮ್ಮ ಅಣ್ಣ ಪ್ರತಿ ವರ್ಷ ಮೈಸೂರಿನಿಂದ ಕಳಿಸುವ ಕ್ಯಾಲೆಂಡರು ಅಡುಗೆಮನೆಯಲ್ಲಿ ತೂಗುತ್ತಿತ್ತು. ಶನಿವಾರದ ಚೌಕದಲ್ಲಿ, ಸಂಜೆ ಐದೂವರೆಗೆ ಚಿತ್ತಾ ಮಳೆ ಪ್ರಾರಂಭ ಎಂದಿತ್ತು. ಅದಕ್ಕೆ ಮೊದಲು ಹಸ್ತ. ನಮ್ಮಲ್ಲಿ ಮಳೆ ಶುರುವಾದದ್ದು ಐದಕ್ಕೆ, ನಿಂತದ್ದು ಏಳಕ್ಕೆ.

"ಶುರುವಾದಾಗ ಹಸ್ತ, ನಿಲ್ಲೋವಾಗ ಚಿತ್ತೆ. ಚಿತ್ತೆ ಅಂತಿಡೋಣ" ಎಂದರು.

"ಐದೂವರೆ ಅನ್ನೋದು ಮೈಸೂರಿನ ಟೈಮು ರೀ. ನಮಗೆ ಎರಡೂವರೆ ಗಂಟೆ ಸೇರಿಸ್ಬೇಕು. ಇಲ್ಲಿ ಚಿತ್ತೆ ಬಂದಿದ್ದು ಎಂಟಕ್ಕೆ. ಅಷ್ಟರಲ್ಲಿ ಮಳೆ ನಿಂತಿತ್ತು. ಹಸ್ತವೇ."

"ನಕ್ಷತ್ರಕ್ಕೂ ಟೈಮ್ ಝೋನ್ ಹಾಕ್ತೀಯಾ?"

"ಜನ್ಮವೆಲ್ಲ ಅಳತೆ ಮಾಡಿದೋರು ನೀವು. ಈಗ ಲೆಕ್ಕ ಬೇಡ್ವಾ?"

ಇವರಿಗೆ ಚಿತ್ತೆಯೇ ಬೇಕು ಎಂದು ನನಗೆ ಗೊತ್ತಿತ್ತು. ಮರಳಿಗೆ ಬಿಟ್ಟು ಬಂದ ಆ ಮೊದಲನೆಯವಳ ಹೆಸರು. ಗೊತ್ತಿದ್ದೂ ಬಿಟ್ಟುಕೊಡಲಿಲ್ಲ. ಬಿಟ್ಟುಕೊಟ್ಟಿದ್ದರೆ ಇವರಿಗೂ ರುಚಿಸುತ್ತಿರಲಿಲ್ಲ. ಮಗಳು ನಡುವೆ ಬಂದು, ಮಾತಿಗೆ ಇಲ್ಲಿಯವರ ಹಾಗೆ ಲಾ ಸೇರಿಸಿ, "ಇಬ್ಬರೂ ಸೇರಿ ಹಸ್ತಚಿತ್ತೆ ಅಂತಿಡಿ ಲಾ, ಡಬಲ್ ಬ್ಯಾರಲ್" ಎಂದಳು. ಇಬ್ಬರೂ ಅವಳನ್ನು ಗದರಿದೆವು.

"ಆಯ್ತು. ನಾಳೆ ಸರಿಯಾಗಿ ಲೆಕ್ಕ ಹಾಕಿ ಹೇಳ್ತೀನಿ. ನಾನು ಹೇಳಿದ್ದೇ ಫೈನಲ್" ಎಂದು ತಟ್ಟೆ ಎತ್ತಿಕೊಂಡು ಎದ್ದರು.

ಸೋಮವಾರ ಎಂದಿನಂತೆ ಕೆಲಸಕ್ಕೆ ಹೋದರು. ಮಧ್ಯಾಹ್ನ ಸೈಟಿನಲ್ಲಿ ಎದೆ ಹಿಡಿದುಕೊಂಡು ಕೂತರಂತೆ. ಆಸ್ಪತ್ರೆಗೆ ನಾವು ಹೋಗುವಷ್ಟರಲ್ಲಿ ಮುಗಿದಿತ್ತು. ಇದರ ಬಗ್ಗೆ ನನಗೆ ಹೆಚ್ಚು ಬರೆಯಲು ಬರುವುದಿಲ್ಲ.

ಮೈಸೂರಿನಿಂದ ಅಣ್ಣ ಅತ್ತಿಗೆ ಬಂದರು. ಮನೆ ತುಂಬ ಜನ. ಗುರುತಿದ್ದವರು, ಇಲ್ಲದವರು, ಎಲ್ಲರೂ "ಅವರು" ಎಂದು ಮಾತಾಡತೊಡಗಿದರು. ಅವರು ಒಳ್ಳೆಯವರಾಗಿದ್ದರು, ಅವರು ಹೀಗಿದ್ದರು. ನಾನು ಈಗಲೂ "ಇವರು" ಎಂದೇ ಬರೆಯುತ್ತಿದ್ದೇನೆ. ತಿದ್ದಲು ಹೋಗಿಲ್ಲ.

ನಾನು ಆ ದಿನಗಳಲ್ಲಿ ಹೆಚ್ಚು ಮಾತಾಡಲಿಲ್ಲ. ಮಾತು ಬಂದದ್ದು ವೈಕುಂಠ ಸಮಾರಾಧನೆಯ ದಿನ. ಅಡುಗೆಗೆ ಸಿಹಿ ಮಾಡಿದ್ದರು. ಸಕ್ಕರೆಗೆ ಇರುವೆ ಬಂದಿತ್ತು. ಅಣ್ಣ ಅಂಗಡಿಗೆ ಹೋಗಿ ಇರುವೆ ಸಾಯಿಸುವ ಸೀಮೆಸುಣ್ಣ ತಂದು, ಅಡುಗೆಮನೆಗೆ ಗೆರೆ ಎಳೆದು, ಹಾಗೇ ಶಿಸ್ತಾಗಿ ದೇವರ ಗೂಡಿನತ್ತ ಬಂದ. ಬಗ್ಗಿ ಕೆಳಗಿನ ಅರೆಗೆ ಕೈ ಹಾಕಿದ.

"ಅಣ್ಣ, ಅಲ್ಲಿ ಬೇಡ" ಎಂದೆ.

ನನ್ನ ದನಿ ನನಗೇ ಜೋರಾಗಿ ಕೇಳಿಸಿತು.

"ಇರುವೆ ಬರುತ್ತಲ್ಲಮ್ಮ" ಎಂದ ಅಣ್ಣ.

"ಅಲ್ಲೇ ಇದೆ. ಒಳಗೆ ಬಾಣಂತಿ ಇದಾಳೆ."

ಅಣ್ಣ ಅತ್ತಿಗೆಯ ಮುಖ ನೋಡಿದ. ಅತ್ತಿಗೆ ನನ್ನ ಬೆನ್ನ ಮೇಲೆ ಕೈಯಿಟ್ಟು, ಮಲಗಿಸಬೇಕೆಂದು ಯಾರಿಗೋ ಕಣ್ಣು ಮಾಡಿದಳು. ಮಗಳು ಬಂದು ಅರೆಯ ಮುಂದೆ ಕೂತಳು. "ಮಾಮ, ಅಮ್ಮ ಸರಿಯಾಗೇ ಇದಾರೆ. ಅದು ಅಪ್ಪಂದು" ಎಂದು ಶೂ ಡಬ್ಬಿಯ ಕಥೆಯನ್ನು ಹೇಳಿದಳು. ಅಣ್ಣ ಸೀಮೆಸುಣ್ಣವನ್ನು ಜೇಬಿಗೆ ಹಾಕಿಕೊಂಡ. ಸ್ವಲ್ಪ ಹೊತ್ತಾದ ಮೇಲೆ, "ನಿನ್ನ ಗಂಡ ಇರೋವಾಗಲೂ ನನಗೆ ಒಂದು ಕೆಲಸ ನೆಟ್ಟಗೆ ಮಾಡೋಕೆ ಬಿಡ್ಲಿಲ್ಲ" ಎಂದ. ಅವತ್ತು ಮನೆಯಲ್ಲಿ ಮೊದಲ ಸಲ ಯಾರೋ ನಕ್ಕರು. ನಾನೇ ಇರಬೇಕು.

ಎಲ್ಲರೂ ಹೋದ ಮೇಲೆ ನನಗಿದ್ದ ಆಸೆ ಒಂದೇ. ಆ ಡಬ್ಬಿಯಲ್ಲಿರುವುದು ಬದುಕಬೇಕು. ಇವರು ಕೊನೆಯದಾಗಿ ಮನೆಗೆ ತಂದದ್ದು ಅದು. ಆದರೆ ಬದುಕಿದೆಯೋ ಇಲ್ಲವೋ ಎಂದು ನೋಡುವಂತಿರಲಿಲ್ಲ. ನೋಡಿದರೆ ಹೆದರಿ ತನ್ನ ಮೊಟ್ಟೆಯನ್ನೇ ತಿಂದುಬಿಡುತ್ತದೆ ಎಂದು ಇವರು ಹೆದರಿಸಿ ಇಟ್ಟಿದ್ದರು. ದೀಪ ಹಚ್ಚುವಾಗ ದೇವರಿಗೆ ಕೈ ಮುಗಿದು ಕೆಳಗಿನ ಅರೆಯತ್ತ ಕಣ್ಣು ಹೋಗದಂತೆ ನೋಡಿಕೊಳ್ಳುತ್ತಿದ್ದೆ. ಮಗಳು ಕಾಲೇಜಿನಿಂದ ಬಂದವಳೇ, "ನೋಡಿದ್ಯಾ?" ಎನ್ನುತ್ತಿದ್ದಳು.

"ಇಲ್ಲ. ನೀನು?"

"ನಾನ್ಯಾಕೆ ನೋಡ್ಲಿ?"

ಇಬ್ಬರೂ ನೋಡಬೇಕೆಂದು ಒದ್ದಾಡುತ್ತಿದ್ದೆವು, ಒಬ್ಬರನ್ನೊಬ್ಬರು ಕಾಯುತ್ತಿದ್ದೆವು.

ಇಲ್ಲಿಯ ಡಿಸೆಂಬರ್ ಮಳೆಗಾಲದ ಒಂದು ಮಧ್ಯಾಹ್ನ ಇಬ್ಬರೂ ಕೂಡಿ ತೆರೆದೆವು. ರಾಣಿ ಹತ್ತಿಗೆ ಒತ್ತಿಕೊಂಡು ಕೂತಿದ್ದಳು. ಅವಳ ಸುತ್ತ ಎಳ್ಳಿಗಿಂತ ಸಣ್ಣ, ನಸುಬಣ್ಣದ ಮರಿಗಳು ಓಡಾಡುತ್ತಿದ್ದವು. ಬೆಳಕು ಬಿದ್ದೊಡನೆ ಒಂದೊಂದೂ ಒಂದೊಂದು ಬಿಳಿ ಮೊಟ್ಟೆ ಎತ್ತಿಕೊಂಡು ರಾಣಿಯ ಹಿಂದಕ್ಕೆ ಸೇರಿದವು. ಮಗಳು ಬಾಯಿಗೆ ಕೈಯಿಟ್ಟುಕೊಂಡು ಅತ್ತಳು. ನಾನು ಕಡ್ಡಿಯ ತುದಿಯಲ್ಲಿ ಒಂದು ಹನಿ ಜೇನುತುಪ್ಪ ಇಟ್ಟೆ. ಬಾಣಂತಿಗೆ ಮೊದಲ ಊಟ.

ಮಗಳು ಫೋಟೋ ತೆಗೆದು ಇರುವೆ ಸಾಕುವವರ ಗುಂಪಿಗೆ ಹಾಕಿದಳು. ಇದು ಇಂಥ ಜಾತಿ, ಅಲ್ಲ ಇಂಥ ಜಾತಿ ಎಂದು ಅವರು ತಮ್ಮಲ್ಲೇ ವಾದ ಮಾಡಿದರು. ಇಂಗ್ಲಿಷ್ ಹೆಸರುಗಳು ನನಗೆ ಬಾಯಲ್ಲಿ ಹೊರಳಲಿಲ್ಲ.

"ಬಿಡು, ನಾವೇ ಒಂದು ಹೆಸರಿಡೋಣ ಲಾ. ಅಪ್ಪನ್ನ ಗೆಲ್ಲಿಸೋಣ, ಚಿತ್ತೆ ಅನ್ನು" ಎಂದಳು ಮಗಳು.

"ಲೆಕ್ಕದ ಪ್ರಕಾರ ಹಸ್ತ."

"ಈಗಲೂ ಬಿಟ್ಕೊಡಲ್ವಾ ಅಮ್ಮ?"

"ನಾನು ಬಿಟ್ಟುಕೊಟ್ರೆ ಇವರಿಗೆ ರುಚಿಸಲ್ಲ. ನಾಳೆ ಹೇಳ್ತೀನಿ ಅಂದಿದಾರೆ. ತಾವು ಹೇಳಿದ್ದೇ ಫೈನಲ್ ಅಂತಲೂ ಅಂದಿದಾರೆ."

ಮಗಳು ಫೋನ್ ಪಕ್ಕಕ್ಕಿಟ್ಟಳು.

ಮುಂದಿನ ವರ್ಷವೂ ಅಣ್ಣ ಕ್ಯಾಲೆಂಡರ್ ಕಳಿಸಿದ. ಹಸ್ತ ಹೋಗಿ ಚಿತ್ತೆ ಬರುವ ಚೌಕ ಅದರಲ್ಲೂ ಇತ್ತು. ಆ ವಾರ ಮಳೆ ಬಂದ ಮರುದಿನ ಬೆಳಿಗ್ಗೆ ನಾನೇ ಕಿಟಕಿಯಿಂದ ಬೆರಳು ಚಾಚಿದೆ. ಗಾಳಿ ಇದೆಯೋ ಇಲ್ಲವೋ ನನಗೆ ತಿಳಿಯಲಿಲ್ಲ. ಬೆರಳು ತಣ್ಣಗಾಯಿತು, ಅಷ್ಟೇ. ಆದರೂ ಉಪ್ಪಿಟ್ಟು ಡಬ್ಬಿಗೆ ಹಾಕಿಕೊಂಡು ಮಗಳನ್ನು ಕರೆದುಕೊಂಡು ಮರಳಿನ ಬೇಲಿಯತ್ತ ಹೋದೆ. ಒಂದು ಹಿಡಿ ಮರಳು ತೆಗೆದೆ. ಹದ ಇತ್ತು. ರಾಣಿ ಸಿಗಲಿಲ್ಲ.

ಮಲಯ್ ಆಂಟಿ ಎದುರಾದರು. ಬಾಯಿ ತೆರೆದವರು, ಎಂದಿನ ಪ್ರಶ್ನೆ ಕೇಳದೆ ನಿಂತರು. ನಾನೇ ಡಬ್ಬಿ ತೆರೆದು ಅವರ ಮುಂದೆ ಹಿಡಿದೆ. ಒಂದು ಚಮಚ ತಿಂದು, ಖಾರ ಎಂದರು. ಆಮೇಲೆ ಮೆಲ್ಲಗೆ, "ಅಂಕಲ್ಸ್ ಕ್ವೀನ್, ಸ್ಟಿಲ್ ಗಾಟ್?" ಎಂದು ಕೇಳಿದರು.

ಇದ್ದಾಳೆ ಎಂದೆ. ಈಗ ಟ್ಯೂಬು ಸಾಲದೆ ಮಗಳು ಗಾಜಿನ ಪೆಟ್ಟಿಗೆ ತಂದಿದ್ದಾಳೆ. ಸಂಸಾರ ದೊಡ್ಡದಾಗಿದೆ. ಜೇನುತುಪ್ಪ ಬೇಗ ಖರ್ಚಾಗುತ್ತದೆ. ಅವಳಿಗೆ ಹೆಸರು ಮಾತ್ರ ಇನ್ನೂ ಇಲ್ಲ.